ಕುಶಾಲನಗರದಿಂದ ಮಡಿಕೇರಿಗೆ: ಪ್ರಯಾಣಿಕರು ಉಸಿರಾಡುವ ಹೊಗೆಯ ಮೂರು ಲೆಕ್ಕಗಳು

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 275ರ ಈ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ನಾನು, ವಾಹನಗಳ ಹೊಗೆ ಎಷ್ಟರ ಮಟ್ಟಿಗೆ ನನ್ನ ಉಸಿರಿಗೆ ಸೇರುತ್ತದೆ ಎಂದು ತಿಳಿಯಲು ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲನೆಯದು ಅತ್ಯಂತ ಸುಲಭ. ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದರ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್ ಇಲ್ಲವೇ ಅದಕ್ಕಿಂತ ಚಿಕ್ಕ ಕಣಗಳ ಪ್ರಮಾಣ) ಅಂಕಿಯನ್ನು ಪ್ರಯಾಣದ ಅವಧಿಯಿಂದ ಗುಣಿಸಿದರೆ ಲೆಕ್ಕ ಮುಗಿಯಿತು. ಆದರೆ ವಾಹನದ ಹೊಗೆಯ ದಟ್ಟಣೆ ರಸ್ತೆಯಿಂದ ಕೆಲವು ನೂರು ಮೀಟರ್ ದೂರದೊಳಗೇ ಬಹಳಷ್ಟು ಕುಗ್ಗುವುದರಿಂದ, ಆ ಅಂಕಿ ಊರಿನ ಗಾಳಿಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಬಸ್ ನಿಲ್ದಾಣದಲ್ಲಿ ನಿಂತವರ ಪಾಡನ್ನಲ್ಲ.

ಎರಡನೆಯದಾಗಿ, ಗಂಟೆಗೆ ಹಾದುಹೋಗುವ ವಾಹನಗಳನ್ನು ಎಣಿಸಿ, ಪ್ರತಿ ಕಿಲೋಮೀಟರಿಗೆ ಅವು ಉಗುಳುವ ಹೊಗೆಯನ್ನು ಅಂದಾಜಿಸಿ, ಗಾಳಿಯ ವೇಗ ಮತ್ತು ದಿಕ್ಕನ್ನು ಸೇರಿಸಿ ರಸ್ತೆಬದಿಯ ಸಾಂದ್ರತೆಯನ್ನು ಲೆಕ್ಕಹಾಕುವ ಕ್ಯಾಲೈನ್-4 ಮಾದರಿಯನ್ನು ಬಳಸಿದೆ. ಬಯಲುಸೀಮೆಯ ನೇರ ರಸ್ತೆಗೆ ಇದು ಒಗ್ಗೀತು. ಆನೆಕಾಡಿನ ಏರಿನಲ್ಲಿ ಲಾರಿ ಕಡಿಮೆ ಗೇರಿನಲ್ಲಿ ಏದುಸಿರು ಬಿಡುವಾಗ ಸಮತಟ್ಟು ರಸ್ತೆಯ ಅಂದಾಜು ಕೆಲಸಕ್ಕೆ ಬರುವುದಿಲ್ಲ. ಗಾಳಿಯೇ ಆಡದ ಮುಂಜಾನೆಯ ಕಣಿವೆಯಲ್ಲಂತೂ ಮಾದರಿಯ ಬುನಾದಿಯೇ ಅಲುಗಾಡುತ್ತದೆ.

ಮೂರನೆಯದು, ಚೀಲದ ಪಟ್ಟಿಗೆ ಸಿಕ್ಕಿಸಿಕೊಂಡ ಚಿಕ್ಕ ಸೆನ್ಸರ್. ಮರದ ದಿಮ್ಮಿ ಹೊತ್ತ ಲಾರಿಯ ಹಿಂದೆ ನಮ್ಮ ಬಸ್ಸು ತೆವಳುತ್ತಿದ್ದಾಗ, ತೆರೆದ ಕಿಟಕಿಯ ಪಕ್ಕದಲ್ಲಿ ಅದರ ಅಂಕಿ ಕಣ್ಣೆದುರೇ ಏರಿತು. ಲಾರಿಯನ್ನು ಹಿಂದಿಕ್ಕಿದ ಸ್ವಲ್ಪ ಹೊತ್ತಿಗೆ ಇಳಿಯಿತು. ಇಂಥ ವಿವರ ಉಳಿದೆರಡು ಲೆಕ್ಕಗಳಲ್ಲಿ ಸಿಗುವುದಿಲ್ಲ. ಆದರೆ ಬೋಯಿಕೇರಿಯ ಬಳಿ, ಮುಂದೆ ಒಂದು ವಾಹನವೂ ಇಲ್ಲದಿದ್ದಾಗ, ದಟ್ಟ ಮಂಜಿನೊಳಗೆ ಅಂಕಿ ಮತ್ತೆ ಏರಿತು. ಈ ಸೆನ್ಸರ್ ಕಣಗಳಿಂದ ಚದುರುವ ಬೆಳಕನ್ನು ಅಳೆಯುತ್ತದೆ. ತೇವ ಹೀರಿ ಉಬ್ಬಿದ ಕಣಗಳನ್ನೂ ಮಂಜಿನ ಹನಿಗಳನ್ನೂ ಹೊಗೆಯಿಂದ ಬೇರ್ಪಡಿಸಲಾರದು. ಹಾಗಾಗಿ ಮಂಜು ಕವಿದ ದಿನಗಳ ಅಂಕಿಗಳನ್ನೆಲ್ಲ ನಾನು ಕೈಬಿಟ್ಟೆ. ಮಂಜಿಲ್ಲದ ದಿನವೂ ಪಿಎಂ 2.5ರಲ್ಲಿ ಬಚ್ಚಲೊಲೆಯ ಸೌದೆ ಹೊಗೆ ಬೆರೆತಿರಬಹುದು ಎಂಬುದನ್ನು ಮರೆಯಬಾರದು.

ನನ್ನ ಆಯ್ಕೆ ಸೆನ್ಸರಿನದೇ, ಆದರೆ ಇಡೀ ಪ್ರಯಾಣಕ್ಕೆ ಒಂದೇ ಸರಾಸರಿ ತೆಗೆಯದೆ, ದಾರಿಯನ್ನು ತುಂಡು ಮಾಡಿ ಪ್ರತಿ ತುಂಡಿನ ಸಾಂದ್ರತೆಯನ್ನು ಅಲ್ಲಿ ಕಳೆದ ನಿಮಿಷಗಳಿಂದ ಗುಣಿಸುವ ಕ್ರಮದಲ್ಲಿ. ಉದಾಹರಣೆಗೆ, ನಿಲ್ದಾಣದಲ್ಲಿ 10 ನಿಮಿಷ ಘನ ಮೀಟರಿಗೆ 90 ಮೈಕ್ರೋಗ್ರಾಂ, ಬಸ್ಸಿನಲ್ಲಿ 50 ನಿಮಿಷ 24 ಮೈಕ್ರೋಗ್ರಾಂ ಎಂದಿಟ್ಟುಕೊಂಡರೆ ಗಂಟೆಯ ಸರಾಸರಿ 35 ಆಗುತ್ತದೆ. ಕಾಲದಲ್ಲಿ ಆರನೇ ಒಂದು ಪಾಲಾದ ನಿಲ್ದಾಣ ಒಟ್ಟು ಹೊರೆಯಲ್ಲಿ ಶೇಕಡ 43ರಷ್ಟನ್ನು ಹೊರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ 15 ಮೈಕ್ರೋಗ್ರಾಂ ಮಿತಿ 24 ಗಂಟೆಗಳ ಸರಾಸರಿಗೆ ಸಂಬಂಧಿಸಿದ್ದರಿಂದ, ಒಂದು ಗಂಟೆಯ ಅಂಕಿಯನ್ನು ನೇರವಾಗಿ ಅದರ ಪಕ್ಕದಲ್ಲಿಡುವುದು ಸರಿಯಲ್ಲ. ಸ್ಟುವರ್ಟ್ ಹಿಲ್ ಅಂಕಿಯನ್ನೂ ನಾನು ಬಿಟ್ಟಿಲ್ಲ. ಅದನ್ನು ಊರಿನ ಸಾಮಾನ್ಯ ಮಟ್ಟವೆಂದು ಹಿಡಿದು, ಸೆನ್ಸರ್ ಅದಕ್ಕಿಂತ ಹೆಚ್ಚು ತೋರಿಸಿದ್ದನ್ನಷ್ಟೇ ರಸ್ತೆಯ ಪಾಲೆಂದು ಅಂದಾಜಿಸುತ್ತೇನೆ.

ಈಗ ಬಸ್ಸು ಬರುವವರೆಗೆ ಎಂಜಿನ್ ಚಾಲೂ ಇರುವ ಬಸ್ಸುಗಳಿಂದ ದೂರ, ನಿಲ್ದಾಣದ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದೇನೆ; ಆ 10 ನಿಮಿಷಗಳ ಅಂಕಿಗಳನ್ನು ಪುಸ್ತಕದಲ್ಲಿ ಬೇರೆ ಸಾಲಿನಲ್ಲಿ ಬರೆದಿಡುತ್ತಿದ್ದೇನೆ.