ಚೀಲ ಕೊಡುವ ಮೊದಲು ನಾಯಿ ಕರ್ಕೊಂಡು ಬನ್ನಿ ಅಂದ ಅಂಗಡಿ

ಕಲಬುರಗಿಯಲ್ಲಿ ನಾಯಿ ಸಾಕಿದವರಿಗೆ ಸೇಡಂ ರಸ್ತೆಯ ಈ ನಾಯಿ ಆಹಾರದ ಅಂಗಡಿ ಬಗ್ಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಐದು ತಿಂಗಳಿಂದ ಇಲ್ಲಿಗೇ ಹೋಗುತ್ತಿದ್ದೇನೆ.

ನಮ್ಮ ಮನೆಯಲ್ಲಿ ಚಿನ್ನಿ ಇದ್ದಾಳೆ. ಆರು ವರ್ಷದ ಲ್ಯಾಬ್ರಡಾರ್. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದೇವೆ. ಮೊದಲು ಮನೆ ಹತ್ತಿರದ ಇನ್ನೊಂದು ಕಡೆಯಿಂದ ಬಿಡಿ ಆಹಾರ ತರುತ್ತಿದ್ದೆ, ದೊಡ್ಡ ಡಬ್ಬದಲ್ಲಿ ಸುರಿದಿಟ್ಟು ಕೆಜಿ ಲೆಕ್ಕದಲ್ಲಿ ಮಾರುತ್ತಾರಲ್ಲ, ಅದು. ಅಗ್ಗ ಬೀಳುತ್ತಿತ್ತು. ಯಾವ ಕಂಪನಿದು, ಯಾವಾಗ ತಯಾರಾಗಿದ್ದು, ಮರಿಗಾ ದೊಡ್ಡ ನಾಯಿಗಾ, ಯಾವುದೂ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಕವರ್ ಬಿಚ್ಚಿದರೆ ಹಳೇ ಕುಸುಬಿ ಎಣ್ಣೆಯ ಹಾಗೆ ಕಮಟು ವಾಸನೆ, ಬೆರಳಿಗೆಲ್ಲ ಜಿಡ್ಡು. ಈ ಒಣ ಆಹಾರದ ಮೇಲೆ ಕೊಬ್ಬು ಸವರಿರುತ್ತಾರೆ. ಗಾಳಿ, ಬಿಸಿ ತಾಗಿದರೆ ಅದು ಕೆಡುತ್ತದೆ, ಅದರಲ್ಲೂ ನಮ್ಮೂರ ಬೇಸಿಗೆ ಗೊತ್ತೇ ಇದೆಯಲ್ಲ. ಚಿನ್ನಿ ಮೂಸಿ ನೋಡಿ ಮುಖ ತಿರುಗಿಸಿಬಿಟ್ಟಳು. ಲ್ಯಾಬ್ ನಾಯಿ ಊಟ ಬಿಟ್ಟಿತು ಅಂದರೆ ಆ ಆಹಾರ ಹೇಗಿತ್ತು ಅಂತ ಯೋಚನೆ ಮಾಡಿ.

ಹಾಗಾಗಿ ಇಲ್ಲಿಗೆ ಬಂದೆ. ಇಲ್ಲಿ ಬಿಡಿ ಮಾರೋದೇ ಇಲ್ಲ, ಸೀಲ್ ಇರುವ ಚೀಲ ಮಾತ್ರ. 20 ಕೆಜಿ ಚೀಲ ಕೊಡಿ ಅಂದೆ. ಅಂಗಡಿ ಅಣ್ಣಾರು ಕೇಳಿದ ಮೊದಲ ಮಾತು, "ನಿಮ್ ನಾಯಿ ತೂಕ ಎಷ್ಟ ಅದರೀ?"

ಮೂವತ್ತು ಇರಬಹುದು ಅಂದೆ.

"ಅಂದಾಜಿನ ಮ್ಯಾಲ ಹಾಕಬ್ಯಾಡ್ರೀ. ಸಂಜಿಗಿ ಕರಕೊಂಡು ಬರ್ರಿ, ಚೀಲ ಎಲ್ಲಿ ಓಡಿ ಹೋಗ್ತದ?"

ಸಂಜೆ ಹೋದೆ. ತೊಗರಿ ಚೀಲ ತೂಗುವಂಥ ಕಾಟಾ, ಕಾಲು ಜಾರದ ಹಾಗೆ ಮೇಲೆ ಗೋಣಿ ಹಾಸಿದ್ದರು. 34.6 ಕೆಜಿ ಬಂತು. ಆಮೇಲೆ ಒಂದು ಕೆಲಸ ಹೇಳಿಕೊಟ್ಟರು, ಅದನ್ನು ನೀವೂ ಮನೆಯಲ್ಲಿ ಮಾಡಿ ನೋಡಿ. ಕೈ ಬಿಚ್ಚಿ ಅಂಗಾತ ಅಲ್ಲ, ಮಗುಚಿ ಹಿಡಿದು ಹಿಂಗೈ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ಮೂಳೆ ತಾಗುತ್ತದೆ, ಆದರೆ ಚುಚ್ಚುವುದಿಲ್ಲ. ನಾಯಿಯ ಪಕ್ಕೆಲುಬು ಹಾಗೆ ತಾಗಿದರೆ ತೂಕ ಸರಿ. ಮುಷ್ಟಿ ಹಿಡಿದಾಗ ಗೆಣ್ಣು ತಾಗುವ ಹಾಗಿದ್ದರೆ ತೆಳ್ಳಗಾಗಿದೆ. ಅಂಗೈಯ ಹಾಗೆ ಮೆತ್ತಗಿದ್ದರೆ ಜಾಸ್ತಿ. ಚಿನ್ನಿಯ ಪಕ್ಕೆ ಮುಟ್ಟಿದರೆ ಅಂಗೈ ಮುಟ್ಟಿದ ಹಾಗೇ ಇತ್ತು. ಅಲ್ಲೇ ಕಣ್ಣು ತುಂಬಿ ಬಂತು. ಮೆಟ್ಟಿಲು ಹತ್ತುವಾಗ ಅವಳು ಅರ್ಧಕ್ಕೆ ನಿಲ್ಲುತ್ತಿದ್ದಳು, ವಯಸ್ಸಾಯಿತು ಅಂದುಕೊಂಡಿದ್ದೆ.

ಎಷ್ಟು ಇಳಿಸಬೇಕು ಅನ್ನೋದನ್ನು ಅವರು ತಾವೇ ಹೇಳಲಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ ಅಂದರು. ಈ ಮಾತಿಗೇ ನನಗೆ ನಂಬಿಕೆ ಬಂದಿದ್ದು. ನಮ್ಮ ಡಾಕ್ಟರು ಬೀದರಿನ ಪಶು ವೈದ್ಯಕೀಯ ಕಾಲೇಜಿನಲ್ಲಿ ಓದಿದವರು, ಬೇರೆ ಕಾಯಿಲೆ ಇಲ್ಲ ಅಂತ ನೋಡಿ ಗುರಿ ತೂಕ 28 ಕೆಜಿ, ಇಳಿಸುವಷ್ಟು ದಿನ ದಿನಕ್ಕೆ ಸುಮಾರು 850 ಕ್ಯಾಲೊರಿ ಅಂತ ಬರೆದುಕೊಟ್ಟರು. 100 ಗ್ರಾಂಗೆ 350 ಕ್ಯಾಲೊರಿ ಇರುವ ಆಹಾರವಾದರೆ ಅದು 240 ಗ್ರಾಂ ಚಿಲ್ಲರೆ. ನಾನು ಸ್ಟೀಲ್ ಲೋಟದಲ್ಲಿ ಎರಡು ಹೊತ್ತು ತುಂಬಿ ಹಾಕುತ್ತಿದ್ದೆ, ಅಳೆದು ನೋಡಿದರೆ 400 ಗ್ರಾಂ. ಅದರ ಮೇಲೆ ಅವ್ವ ಕೊಡುವ ಎರಡು ಜೋಳದ ರೊಟ್ಟಿ.

ರೊಟ್ಟಿ ವಿಷಯಕ್ಕೆ ಮನೆಯಲ್ಲಿ ಜಗಳ ಆಗುತ್ತದೆ ಅಂತ ಹೆದರಿದ್ದೆ. "ಮೂಕ ಪ್ರಾಣಿ, ಅದರ ಮುಂದ ಕುಂತು ಹೆಂಗ ಉಣ್ಣಲಿ" ಅನ್ನುವವರು ನಮ್ಮ ಅವ್ವ. ಅಣ್ಣಾರು ರೊಟ್ಟಿ ಬಿಡಿಸಲಿಲ್ಲ, ಲೆಕ್ಕಕ್ಕೆ ಹಿಡಿದರು. ಮೇಲಿಂದ ಕೊಡುವ ತಿಂಡಿ ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ದಾಟಬಾರದು. ಅರ್ಧ ರೊಟ್ಟಿ ಅದರೊಳಗೇ ಬರುತ್ತದೆ, ಅಷ್ಟಕ್ಕೆ 20 ಗ್ರಾಂ ಒಣ ಆಹಾರ ಕಡಿಮೆ ಮಾಡಿ ಅಂದರು. ಈಗ ಅವ್ವ ಅರ್ಧ ರೊಟ್ಟಿಯನ್ನು ಎಂಟು ತುಂಡು ಮಾಡಿ ಒಂದೊಂದಾಗಿ ಕೊಡುತ್ತಾರೆ. ಚಿನ್ನಿಗೆ ಎಂಟು ಸಲ ಕೊಟ್ಟ ಲೆಕ್ಕ. ಪಲ್ಯ, ಸಾರು ಹಚ್ಚಿ ಕೊಡೋದು ಮಾತ್ರ ಪೂರ್ತಿ ನಿಂತಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣ ಹಾಳು ಮಾಡುತ್ತವೆ, ಬೇಯಿಸಿದರೂ ಅಷ್ಟೇ. ರವಿವಾರದ ಕೋಳಿ ಎಲುಬೂ ಇಲ್ಲ. ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚಿಕೊಳ್ಳುತ್ತದೆ. ಒಣದ್ರಾಕ್ಷಿ, ಚಾಕಲೇಟ್ ಅಂತೂ ವಿಷ.

ಚೀಲದ ಹಿಂದೆ ಬರೆದಿದ್ದನ್ನು ಓದೋದನ್ನೂ ಇಲ್ಲೇ ಕಲಿತೆ. ಡಬ್ಬಿಯ ಗ್ರೇವಿ ಆಹಾರದ ಮೇಲೆ ಪ್ರೋಟೀನ್ 8 ಶೇಕಡಾ ಅಂತ ಇತ್ತು, ಒಣ ಆಹಾರದ ಮೇಲೆ 22. ಒಣದ್ದೇ ಒಳ್ಳೆಯದು ಅಂದುಕೊಂಡೆ. ಅವರು ನೀರಿನ ಅಂಶ ತೋರಿಸಿದರು, ಗ್ರೇವಿಯಲ್ಲಿ 80 ಶೇಕಡಾ ನೀರೇ. ನೀರು ತೆಗೆದು ನೋಡಿದರೆ ಉಳಿದ 20ರಲ್ಲಿ 8 ಪ್ರೋಟೀನ್, ಅಂದರೆ 40 ಶೇಕಡಾ ಆಯಿತು! ಎರಡನ್ನೂ ಹಾಗೇ ಹೋಲಿಸಬಾರದು ಅಂತ ಅವತ್ತು ತಿಳಿಯಿತು. ದೊಡ್ಡ ಜಾತಿಯ ಮರಿ ಇರುವವರು ಇನ್ನೊಂದು ನೆನಪಿಡಿ, ಬೇಗ ಬೆಳೆಯಲಿ ಅಂತ ಸುಮ್ನೆ ಕ್ಯಾಲ್ಸಿಯಂ ಔಷಧಿ ಹಾಕಬೇಡಿ. ಮರಿಗಳ ಸರಿಯಾದ ಆಹಾರದಲ್ಲಿ ಅದು ಇದ್ದೇ ಇರುತ್ತದೆ, ಜಾಸ್ತಿಯಾದರೆ ಎಲುಬು, ಕೀಲು ಕೆಡುತ್ತವೆ. ಮನೆಯಲ್ಲೇ ಅನ್ನ, ಕೋಳಿ ಬೇಯಿಸಿ ಹಾಕುವವರದು ಇದಕ್ಕೆ ಉಲ್ಟಾ, ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಡಾಕ್ಟರ ಹತ್ತಿರ ಅಳತೆ ಬರೆಸಿಕೊಳ್ಳದೆ ಅದನ್ನೇ ವರ್ಷಗಟ್ಟಲೆ ಹಾಕಬೇಡಿ.

ಕೊರತೆಯೂ ಇದೆ. ಮನೆಗೆ ತಂದು ಕೊಡೋದಿಲ್ಲ. ಜಾಗ ಚಿಕ್ಕದು, ಎರಡು ನಾಯಿ ಒಟ್ಟಿಗೆ ಬಂದರೆ ಗಲಾಟೆ, ಒಬ್ಬರು ಹೊರಗೆ ಬಿಸಿಲಲ್ಲಿ ಕಾಯಬೇಕು. ಒಂದು ನೆರಳು ಹಾಕಿಸಿ ಅಂತ ಹೇಳಿದ್ದೇನೆ, ಇನ್ನೂ ಆಗಿಲ್ಲ. ಅದಕ್ಕೇ ಐದಕ್ಕೆ ನಾಲ್ಕು ನಕ್ಷತ್ರ.

ನನಗೆ 20 ಕೆಜಿ ಚೀಲ ಅವರು ಕೊಡಲೇ ಇಲ್ಲ. ದಿನಕ್ಕೆ ಇಷ್ಟೇ ತಿನ್ನುವ ನಾಯಿಗೆ ಅದು ಮೂರು ತಿಂಗಳು ಬರುತ್ತದೆ, ಅಷ್ಟರಲ್ಲಿ ಕಮಟು ಹಿಡಿಯುತ್ತದೆ ಅಂತ 3 ಕೆಜಿಯದೇ ಕೊಟ್ಟರು. ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರದಲ್ಲಿ ಬದಲಾಯಿಸಿ ಅಂದಿದ್ದರು, ಆದರೆ ಹಳೆಯದು ಕೆಟ್ಟಿದ್ದರಿಂದ ಹೊಸದನ್ನೇ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿದೆವು. ಎರಡು ದಿನ ಹೊಟ್ಟೆ ಸಡಿಲ ಆಯಿತು, ಆಮೇಲೆ ಸರಿಹೋಯಿತು.

ಹೋದ ವಾರ ತೂಗಿದಾಗ 30.2. ಪಕ್ಕೆ ಮೇಲೆ ಬೆರಳಾಡಿಸಿದರೆ ಎಲುಬು ತಾಗುತ್ತದೆ. ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾಳೆ. ಇನ್ನೂ ಎರಡು ಕೆಜಿ ಇದೆ.

ತೂಗಿಸೋದಕ್ಕೆ ದುಡ್ಡು ತಗೊಳ್ಳಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ, ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋಗಿ, ಡಾಂಬರು ರಸ್ತೆ ನಾಯಿ ಕಾಲು ಸುಡುತ್ತದೆ.