ಹಳೇ ಬಿಲ್ ಚುಕ್ತಾ ಮಾಡಿ ಹೊಸ ಲೋಡ್ ಕೇಳಿದರೆ ಹುಷಾರು

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ.

ಒಂದು ಕಂಪನಿಗೆ 6 ವರ್ಷದಿಂದ ಪ್ಯಾಕಿಂಗ್ ಬಾಕ್ಸ್ ಕೊಡುತ್ತಿದ್ದೆ. 60 ದಿನದ ಕ್ರೆಡಿಟ್ 90 ಆಯಿತು, 120 ಆಯಿತು. ಕೇಳಿದಾಗಲೆಲ್ಲ ಅಕೌಂಟ್ಸ್‌ನವನದು ಒಂದೇ ಮಾತು: "ಮುಂದಿನ ವಾರ ಪಕ್ಕಾ ಸರ್." ಒಂದು ದಿನ ಇದ್ದಕ್ಕಿದ್ದಂತೆ ಹಳೇ ಸಣ್ಣ ಬಿಲ್ ಒಂದನ್ನು ಚುಕ್ತಾ ಮಾಡಿದರು. ಅದೇ ಸಂಜೆ ಫೋನು. "ಅರ್ಜೆಂಟ್ ಸರ್, 3 ಲೋಡ್ ಬೇಕು." ಕಳಿಸಿದೆ. ಖುಷಿಯಿಂದ ಕಳಿಸಿದೆ, ದಡ್ಡ ನಾನು.

ಆಮೇಲೆ ಗೊತ್ತಾಯಿತು, ಕಂಪನಿ ತಾನೇ ದಿವಾಳಿ ಅರ್ಜಿ ಹಾಕಿಕೊಂಡಿದೆ, ಎನ್‌ಸಿಎಲ್‌ಟಿ (ಕಂಪನಿಗಳ ದಿವಾಳಿ ಕೇಸು ನೋಡುವ ನ್ಯಾಯಮಂಡಳಿ) ಅದನ್ನು ಒಪ್ಪಿಯೂ ಆಗಿದೆ! ಫೋನ್ ಮಾಡಿದೆ. ಅದೇ ಮನುಷ್ಯ. "ಈಗ ನಮ್ಮ ಕೈಯಲ್ಲಿ ಏನೂ ಇಲ್ಲ ಸರ್. ಮೊರಟೋರಿಯಂ ಇದೆ, ಬಾಕಿ ವಸೂಲಿಗೆ ಯಾರೂ ಕಂಪನಿ ಮೇಲೆ ಕೇಸ್ ಹಾಕೋ ಹಾಗಿಲ್ಲ. ಕ್ಲೇಮ್ ಹಾಕಿ." ಕ್ಲೇಮ್ ಹಾಕಿ ಅಂತೆ! ನನ್ನ ಬಾಕ್ಸ್ ನಿಮ್ಮ ಗೋಡೌನಲ್ಲೇ ಇದೆಯಲ್ಲ, ವಾಪಸ್ ಕೊಡಿ ಅಂದೆ. "ಮಾರಿದ ಮೇಲೆ ಅದು ಕಂಪನಿ ಆಸ್ತಿ ಸರ್."

ಹೊಟ್ಟೆ ಉರಿದದ್ದು ಅದಕ್ಕಲ್ಲ. ಕಂಪನಿ ತಾನೇ ಹೀಗೆ ಅರ್ಜಿ ಹಾಕಲು ಷೇರುದಾರರ ವಿಶೇಷ ನಿರ್ಣಯ ಬೇಕು. ವಕೀಲರು ಅದರ ಪ್ರತಿ ತೋರಿಸಿದರು. ತಾರೀಖು ನೋಡಿದೆ. ಆ 3 ಲೋಡ್ ಆರ್ಡರ್‌ಗಿಂತ 11 ದಿನ ಮುಂಚೆ! ಮತ್ತೆ ನೋಡಿದೆ. 11 ದಿನ. ಎಲ್ಲ ಗೊತ್ತಿದ್ದೇ ನನ್ನ ಮಾಲು ತರಿಸಿಕೊಂಡಿದ್ದರು.

ಬಾಕಿ ಬರಬೇಕಾದವರು ಕ್ಲೇಮ್ ಹಾಕಿ ಅಂತ ಪೇಪರಿನಲ್ಲಿ ಬಂದ ಪ್ರಕಟಣೆ ನಾನು ನೋಡಿರಲಿಲ್ಲ. ಕ್ಲೇಮಿಗೆ ಕೊಡುವ 14 ದಿನ ಕಳೆದುಹೋಗಿತ್ತು. ಅರ್ಜಿ ಒಪ್ಪಿದ ದಿನದಿಂದ 90 ದಿನದ ಒಳಗೆ ಫಾರಂ ಬಿ (ಮಾಲು ಕೊಟ್ಟವರು ಬಾಕಿಗೆ ಹಾಕುವ ಕ್ಲೇಮ್ ಅರ್ಜಿ) ಹಾಕಿ, ತಡವಾದ ಕಾರಣ ಬರೆದುಕೊಟ್ಟೆ. ಇನ್‌ವಾಯ್ಸ್, ಸಹಿ ಇರುವ ಡೆಲಿವರಿ ಚಲನ್ ಎಲ್ಲ ಇತ್ತು, ಪುಣ್ಯ. ಆದರೆ ಕಂಪನಿಯನ್ನು ಮುಂದೇನು ಮಾಡೋದು ಅಂತ ಬ್ಯಾಂಕಿನವರು ಕೂತು ಮತ ಹಾಕುವ ಸಮಿತಿಯಲ್ಲಿ ಮಾಲು ಕೊಟ್ಟವರಿಗೆ ಮತವಿಲ್ಲ. ಲಿಕ್ವಿಡೇಷನ್ ಆದರೆ, ಅಂದರೆ ಕಂಪನಿ ಮುಚ್ಚಿ ಆಸ್ತಿ ಮಾರಿದರೆ, ಆ ಹಣ ಹಂಚಲು ದಿವಾಳಿ ಕಾಯ್ದೆಯ 53ನೇ ಸೆಕ್ಷನ್ ಹಾಕಿರುವ ಸಾಲಿನಲ್ಲಿ ಬ್ಯಾಂಕು, ಕಾರ್ಮಿಕರು, ಸರ್ಕಾರ ಎಲ್ಲ ನಮಗಿಂತ ಮುಂದೆ. ನಮಗೆ ಉಳಿಯೋದು ಏನು ಹೇಳಿ?

ದೊಡ್ಡ ಉದ್ರಿ ಕೊಡೋ ಮುಂಚೆ ಡೈರೆಕ್ಟರ್ ಹತ್ತಿರ ವೈಯಕ್ತಿಕ ಗ್ಯಾರಂಟಿ ಬರೆಸಿಕೊಳ್ಳಿ. ಕಂಪನಿಯ ಮೊರಟೋರಿಯಂ ಗ್ಯಾರಂಟಿ ಕೊಟ್ಟವರನ್ನು ಕಾಪಾಡುವುದಿಲ್ಲ. ಬರೆದುಕೊಡಲ್ಲ ಅಂದರೆ ಲಾರಿ ಹತ್ತಿಸಬೇಡಿ, ಎಷ್ಟೇ ಹಳೇ ಗಿರಾಕಿ ಆಗಿರಲಿ.

ಆ ಅಕೌಂಟ್ಸ್‌ನವನು ಈಗ ಬೇರೆ ಕಂಪನಿ ಸೇರಿದ್ದಾನೆ. ಮೊನ್ನೆ ಮೆಸೇಜ್ ಮಾಡಿದ್ದ, ಬಾಕ್ಸ್ ರೇಟ್ ಎಷ್ಟು ಅಂತ.