ಇಡೀ ಆಲ್ಬಮ್ಮೋ, ಬಿಡಿ ಹಾಡೋ? ನಾಲ್ಕು ಬ್ಯಾಂಡುಗಳ ಹಠವನ್ನು ಕೇಳಿ ನೋಡಿದ್ದು

2003ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಅಂಗಡಿ ತೆರೆದು ಹಾಡೊಂದಕ್ಕೆ 99 ಸೆಂಟ್ ಎಂದು ಬೆಲೆ ಕಟ್ಟಿತು. ಕೇಳುಗರಿಗೆ ಹಬ್ಬ. ಅಲ್ಲಿಯವರೆಗೆ ಎರಡು ಹಾಡಿನ ಆಸೆಗೆ ಹತ್ತು ಹಾಡಿನ ಸಿಡಿ ಕೊಳ್ಳಬೇಕಿತ್ತು. ಆದರೆ ಕೆಲವು ರಾಕ್ ಬ್ಯಾಂಡುಗಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. 'ನಾವು ಮಾಡುವುದು ಆಲ್ಬಂ. ಬೇಕಿದ್ದರೆ ಇಡಿಯಾಗಿ ಕೊಳ್ಳಿ, ಬಿಡಿಯಾಗಿ ಕೊಡುವುದಿಲ್ಲ' ಎಂದು ಪಟ್ಟು ಹಿಡಿದವು. ಲೆಡ್ ಜೆಪ್ಲಿನ್ 2007ರ ಕೊನೆಯಲ್ಲಿ ಮಣಿಯಿತು, ಬೇರೆ ಕಾರಣಗಳಿಗಾಗಿ ದೂರವಿದ್ದ ಬೀಟಲ್ಸ್ 2010ರ ನವೆಂಬರ್‌ನಲ್ಲಿ ಬಂತು. ಎಸಿ/ಡಿಸಿ 2012ರ ನವೆಂಬರ್‌ವರೆಗೆ ಎಳೆದಾಡಿತು. ತಮಾಷೆ ನೋಡಿ, ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದದ್ದು ಮರು ತಿಂಗಳೇ, ಅಂದರೆ ಡಿಸೆಂಬರ್‌ನಲ್ಲಿ. ಜಗಳ ಬಹುಪಾಲು ಬೇರೆಯವರ ಅಂಗಳದಲ್ಲಿ ನಡೆದು ಮುಗಿದ ಮೇಲೆ ನಮ್ಮ ಬಾಗಿಲು ತೆರೆಯಿತು.

ಈಗ ಎಲ್ಲವೂ ಎಲ್ಲ ಆ್ಯಪಿನಲ್ಲೂ ಸಿಗುತ್ತದೆ. ಹಾಗಾಗಿ ಆ ಹಠ ಸರಿಯಿತ್ತೇ ಎಂದು ವಾದ ಮಾಡುತ್ತ ಕೂರುವ ಬದಲು ಕೇಳಿಯೇ ನೋಡಬಹುದಲ್ಲ ಅನ್ನಿಸಿತು. ಹಠ ಮಾಡಿದವರಲ್ಲಿ ನಾಲ್ಕು ಬ್ಯಾಂಡು ಆರಿಸಿಕೊಂಡೆ: ಎಸಿ/ಡಿಸಿ, ಪಿಂಕ್ ಫ್ಲಾಯ್ಡ್, ರೇಡಿಯೊಹೆಡ್, ಟೂಲ್. ಪ್ರತಿಯೊಂದರ ಒಂದೆರಡು ಆಲ್ಬಂಗಳನ್ನು ಮೊದಲು ಆರಂಭದಿಂದ ಕೊನೆಯವರೆಗೆ, ಫೋನ್ ಮುಟ್ಟದೆ ಕೇಳಿದೆ. ಆಮೇಲೆ ಅವೇ ಹಾಡುಗಳನ್ನು ಹಂಸಲೇಖ, ಇಳಯರಾಜ ಎಲ್ಲರೂ ಇರುವ ನನ್ನ ಮಾಮೂಲಿ ಪ್ಲೇಲಿಸ್ಟಿಗೆ ಸುರಿದು ಹಾಡುಗಳನ್ನು ಕಲಸಿ ನುಡಿಸುವ ಷಫಲ್ ಒತ್ತಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಕೇಳಿದೆ. ಸಾಲದ್ದಕ್ಕೆ ಹಳೆಯ ಕಾರಿನ ಸ್ಟೀರಿಯೊಗೆ ಪೆನ್‌ಡ್ರೈವ್ ಹಾಕಿಯೂ ನೋಡಿದೆ. ಅದರ ಕಥೆ ಆಮೇಲೆ.

ಅತಿ ಜೋರಾಗಿ ಕೂಗಿದವರು ಎಸಿ/ಡಿಸಿ, ಆದ್ದರಿಂದ ಅವರಿಂದಲೇ ಶುರು. ಅವರ ಗಿಟಾರಿಸ್ಟ್ ಆಂಗಸ್ ಯಂಗ್ ವರ್ಷಗಟ್ಟಲೆ ಹೇಳಿದ್ದು ಒಂದೇ ಮಾತು: ನಾವು ಸಿಂಗಲ್ಸ್ (ಬಿಡಿಯಾಗಿ ಬಿಡುಗಡೆ ಮಾಡುವ ಹಾಡು) ಮಾಡುವವರಲ್ಲ, ಆಲ್ಬಂ ಮಾಡುವವರು. ಡಿಜಿಟಲ್ ಎಂದರೆ ಮಡಿವಂತಿಕೆ ಇತ್ತು ಎಂದೇನಲ್ಲ. 2007ರಲ್ಲಿ ಅಮೆರಿಕದ ಮೊಬೈಲ್ ಕಂಪನಿ ವೆರೈಜನ್ ಮೂಲಕ ಡೌನ್‌ಲೋಡ್ ಮಾರಿದರು, ಆದರೆ ಪೂರ್ತಿ ಆಲ್ಬಂ ಮಾತ್ರ. ಮರುವರ್ಷ 'ಬ್ಲ್ಯಾಕ್ ಐಸ್' ಬಂದಾಗ ಅಮೆರಿಕದ ಅಂಗಡಿಗಳ ಪೈಕಿ ವಾಲ್‌ಮಾರ್ಟ್ ಬಳಗಕ್ಕೆ ಮಾತ್ರ ಸಿಡಿ ಕೊಟ್ಟರು. ಅಲ್ಲಿ ಮೊದಲ ವಾರವೇ ಏಳೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಐಟ್ಯೂನ್ಸ್ ಇಲ್ಲದೆಯೂ ಬದುಕಬಹುದು ಎಂದು ತೋರಿಸಿದರು, ಅದಕ್ಕೆ ಶಹಭಾಸ್ ಅನ್ನಲೇಬೇಕು.

ಆದರೆ ಕಿವಿ ಬೇರೆಯೇ ಹೇಳುತ್ತದೆ. 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಹಾಕಿದೆ. ಹತ್ತು ಹಾಡು, ಸುಮಾರು 42 ನಿಮಿಷ. ಮೊದಲ ಹಾಡು 'ಹೆಲ್ಸ್ ಬೆಲ್ಸ್' ನಿಧಾನ ಗಂಟೆಯ ಬಡಿತದಿಂದ ಶುರುವಾಗುತ್ತದೆ. ಅದೇ ವರ್ಷ ಫೆಬ್ರುವರಿಯಲ್ಲಿ ತೀರಿಕೊಂಡ ತಮ್ಮ ಹಾಡುಗಾರ ಬಾನ್ ಸ್ಕಾಟ್‌ಗಾಗಿ ಬಡಿದ ಗಂಟೆ ಅದು. ಅದು ಮೊದಲಿಗೇ ಬರಬೇಕು, ಒಪ್ಪಿದೆ. ಮಿಕ್ಕ ಒಂಬತ್ತನ್ನು ಹೇಗೆ ಹಿಂದುಮುಂದು ಮಾಡಿದರೂ ನನಗೇನೂ ನಷ್ಟವಾಗಲಿಲ್ಲ. ಪ್ರತಿ ಹಾಡಿಗೂ ತನ್ನದೇ ತಲೆ, ತನ್ನದೇ ಬಾಲ. ಷಫಲ್‌ನಲ್ಲಿ ಹಂಸಲೇಖ ಹಾಡೊಂದು ಮುಗಿದು, ಅರೆಕ್ಷಣದ ಮೌನದ ನಂತರ 'ಬ್ಯಾಕ್ ಇನ್ ಬ್ಲ್ಯಾಕ್' ಶೀರ್ಷಿಕೆ ಹಾಡಿನ ಆ ಮೂರು ಗುದ್ದು ಬಿದ್ದಾಗ ಬಸ್ಸಿನಲ್ಲೇ ತಲೆ ಕುಣಿಯಿತು. ಇಡೀ ಆಲ್ಬಂ ಕೇಳುವಾಗ ಅದು ಆರನೆಯ ಹಾಡು, ಅಷ್ಟರಲ್ಲಿ ಕಿವಿ ಅದೇ ಬಗೆಯ ಗಿಟಾರಿಗೆ ಒಗ್ಗಿಹೋಗಿ ಅಷ್ಟು ಜುಂ ಅನ್ನಿಸುವುದಿಲ್ಲ. ಅಷ್ಟಕ್ಕೂ ಸಿಂಗಲ್ಸ್ ಮಾಡುವವರಲ್ಲ ಎಂದವರು ದಶಕಗಳಿಂದ ಸಿಂಗಲ್ಸ್ ಬಿಟ್ಟವರೇ. 2010ರಲ್ಲಿ 'ಐರನ್ ಮ್ಯಾನ್ 2' ಸಿನಿಮಾದ ಹೆಸರಲ್ಲಿ ಹಳೆಯ ಆಲ್ಬಂಗಳಿಂದ 15 ಹಾಡು ಕಿತ್ತು ಜೋಡಿಸಿ ಮಾರಿದವರೂ ಅವರೇ. ಅದು ಬಿಡಿಯಲ್ಲದೆ ಮತ್ತೇನು? ಇದನ್ನು ವ್ಯಾಪಾರದ ಲೆಕ್ಕಾಚಾರ ಎಂದು ನೇರವಾಗಿ ಹೇಳಿದ್ದರೆ ನನ್ನ ತಕರಾರಿರಲಿಲ್ಲ. ಹಿಟ್ ಹಾಡು 99 ಸೆಂಟಿಗೆ ಹೋದರೆ ಉಳಿದ ಎಂಟೊಂಬತ್ತನ್ನು ಯಾರು ಕೇಳುತ್ತಾರೆ ಎಂಬ ಚಿಂತೆ ನ್ಯಾಯವಾದದ್ದೇ.

ಇಲ್ಲಿ ಒಂದು ಮಾತು. ಬಿಡಿ ಹಾಡಿನ ವ್ಯಾಪಾರವನ್ನು ಐಟ್ಯೂನ್ಸ್ ಕಂಡುಹಿಡಿಯಿತು ಎಂದರೆ ನಮ್ಮ ಊರುಗಳ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಯವರು ನಕ್ಕಾರು. ಖಾಲಿ ಕ್ಯಾಸೆಟ್ಟು, ಜೊತೆಗೆ ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಕೊಟ್ಟರೆ ನಾಲ್ಕು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಎ ಸೈಡಿನ ಕೊನೆಯಲ್ಲಿ ಜಾಗ ಸಾಲದೆ ರಾಜ್‌ಕುಮಾರ್ ಹಾಡು ಚರಣದ ನಡುವೆಯೇ ಕಟ್ ಆಗುತ್ತಿತ್ತು. ಕಾನೂನಿನ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಸಿನಿಮಾ ಹಾಡಿನ ಮೇಲೆ ಬೆಳೆದ ನಮಗೆ ಹಾಡು ಎಂದರೆ ಬಿಡಿಯೇ. ಹೀಗಾಗಿ ಆಲ್ಬಂ ಒಂದು ಅಖಂಡ ಕೃತಿ ಎಂಬ ವಾದ ನನ್ನ ಮಟ್ಟಿಗೆ ಸ್ವಲ್ಪ ಜಂಬದ್ದಾಗಿಯೇ ಕೇಳಿಸುತ್ತಿತ್ತು, ಪಿಂಕ್ ಫ್ಲಾಯ್ಡ್ ಸರದಿ ಬರುವವರೆಗೆ.

ಇವರ ಹಠ ಕೋರ್ಟಿನ ಕಟಕಟೆ ಹತ್ತಿದ್ದು. ಬ್ಯಾಂಡಿನ ಅನುಮತಿ ಇಲ್ಲದೆ ಆಲ್ಬಮ್ಮನ್ನು ಒಡೆದು ಮಾರುವಂತಿಲ್ಲ ಎಂದು ರೆಕಾರ್ಡ್ ಕಂಪನಿ ಇಎಂಐ ಜೊತೆಗಿನ ಕರಾರಿನಲ್ಲಿತ್ತು. ಕರಾರು ಐಟ್ಯೂನ್ಸ್ ಹುಟ್ಟುವ ಮೊದಲಿನದು, ಹಾಗಾಗಿ ಆ ಷರತ್ತು ಎಲ್‌ಪಿ ತಟ್ಟೆ, ಸಿಡಿಗಳಿಗೆ ಮಾತ್ರ, ಡೌನ್‌ಲೋಡಿಗೆ ಅಲ್ಲ ಎಂಬುದು ಕಂಪನಿಯ ವಾದ. 2010ರ ಮಾರ್ಚ್‌ನಲ್ಲಿ ಲಂಡನ್ನಿನ ಹೈಕೋರ್ಟು ಬ್ಯಾಂಡಿನ ಪರ ನಿಂತಿತು: ಆಲ್ಬಮ್ಮಿನ ಕಲಾತ್ಮಕ ಸಮಗ್ರತೆಯನ್ನು ಕಾಪಾಡುವುದೇ ಆ ಷರತ್ತಿನ ಉದ್ದೇಶ, ಅದು ಇಂಟರ್‌ನೆಟ್ಟಿಗೂ ಅನ್ವಯ. ಗೆದ್ದು ಒಂದು ವರ್ಷ ತುಂಬುವ ಮೊದಲೇ, 2011ರ ಜನವರಿಯಲ್ಲಿ, ಇಬ್ಬರೂ ರಾಜಿಯಾಗಿ ಬಿಡಿ ಹಾಡಿನ ಮಾರಾಟಕ್ಕೆ ಒಪ್ಪಿಗೆ ಕೊಟ್ಟುಕೊಂಡರು. ಅದು ಹಾಗೇ ಅಲ್ಲವೇ, ಕೋರ್ಟಿನಲ್ಲಿ ಗೆದ್ದ ಮೇಲೆಯೇ ರಾಜಿಗೆ ಒಳ್ಳೆಯ ರೇಟು.

ಈಗ ಕೇಳುವ ವಿಷಯ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಹೊಲಿದಿದೆ. ಷಫಲ್‌ನಲ್ಲಿ 'ಬ್ರೇನ್ ಡ್ಯಾಮೇಜ್' ಬಂತು. ಹಾಡು ಏರುತ್ತ ಏರುತ್ತ ಮುಂದಿನ ಹಾಡು 'ಎಕ್ಲಿಪ್ಸ್'ನ ಹೊಸ್ತಿಲಿಗೆ ಬಂದು ಕಾಲೆತ್ತಿ ಇಡಬೇಕು, ಅಷ್ಟರಲ್ಲಿ ತಟ್ಟನೆ ನಿಂತಿತು. ಕರೆಂಟು ಹೋದಂತೆ. ಇನ್ನೂ ದೊಡ್ಡ ತಮಾಷೆ 1975ರ 'ವಿಶ್ ಯೂ ವರ್ ಹಿಯರ್' ಆಲ್ಬಮ್ಮಿನದು. ಅದರಲ್ಲಿ 'ಹ್ಯಾವ್ ಎ ಸಿಗಾರ್' ಹಾಡಿನ ಕೊನೆಗೆ ಅಷ್ಟು ತುಂಬು ಸದ್ದು ಇದ್ದಕ್ಕಿದ್ದಂತೆ ಕುಗ್ಗಿ ಸಣ್ಣ ಟ್ರಾನ್ಸಿಸ್ಟರಿನಿಂದ ಬಂದಂತೆ ಕೇಳುತ್ತದೆ. ಆಮೇಲೆ ಯಾರೋ ರೇಡಿಯೊ ಸ್ಟೇಷನ್ ತಿರುಗಿಸುವ ಸದ್ದು, ಗರಗರ, ಅದರೊಳಗಿನಿಂದಲೇ ಮುಂದಿನ ಹಾಡಿನ ಗಿಟಾರು. ಇಡಿಯಾಗಿ ಕೇಳಿದರೆ ಮೈ ಜುಮ್ಮೆನ್ನುವ ಜಾಗ. ಷಫಲ್‌ನಲ್ಲಿ ಏನಾಯಿತು ಗೊತ್ತೇ? ಸದ್ದು ಕುಗ್ಗಿತು, ಬ್ಲೂಟೂತ್ ಕೈಕೊಟ್ಟಿತೆಂದು ನಾನು ಫೋನ್ ತೆಗೆಯುವಷ್ಟರಲ್ಲಿ ಇಳಯರಾಜರ ಪಿಟೀಲುಗಳು ಜೋರಾಗಿ ಎದ್ದವು. ಆ ಹಾಡು ರೆಕಾರ್ಡ್ ಕಂಪನಿಯವರ ದುರಾಸೆಯನ್ನೇ ಗೇಲಿ ಮಾಡುವ ಹಾಡು ಎನ್ನುವುದನ್ನೂ ಹೇಳಿಬಿಡಬೇಕು.

ಪೆನ್‌ಡ್ರೈವ್ ಕಥೆ ಈಗ. ನಮ್ಮ ಕಾರಿನ ಸ್ಟೀರಿಯೊ ಫೈಲುಗಳನ್ನು ಹೆಸರಿನ ಅಕಾರಾದಿಯಲ್ಲಿ ನುಡಿಸುತ್ತದೆ. ಹಾಗಾಗಿ 'ಡಾರ್ಕ್ ಸೈಡ್' ಶುರುವಾದದ್ದು ಆಲ್ಬಮ್ಮಿನ ಎಂಟನೆಯ ತುಣುಕಾದ 'ಎನಿ ಕಲರ್ ಯೂ ಲೈಕ್'ನಿಂದ. ಕೊನೆಯ ಹಾಡು 'ಎಕ್ಲಿಪ್ಸ್' ನಾಲ್ಕನೆಯದಾಗಿ ಬಂತು. ಎದೆಬಡಿತ ನಿಧಾನವಾಗಿ ಆರಿತು, ಎಲ್ಲ ಮುಗಿಯಿತು ಅನ್ನುವಾಗ ಝಣ್ ಎಂದು 'ಮನಿ' ಹಾಡಿನ ಗಲ್ಲಾಪೆಟ್ಟಿಗೆ. ಆರಂಭದ ಎದೆಬಡಿತ ಬಂದದ್ದು ಏಳನೆಯದಾಗಿ. ಜೊತೆಗೆ ಹಳೆಯ ಎಂಪಿ3 ಫೈಲುಗಳಲ್ಲಿ ಇನ್ನೊಂದು ತೊಂದರೆ ಇದೆ: ಫೈಲು ಮಾಡುವಾಗಲೇ ಪ್ರತಿ ಹಾಡಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ. ಸಾಲಾಗಿ ಇಟ್ಟು ನುಡಿಸಿದರೂ ಹೊಲಿಗೆಯ ಜಾಗದಲ್ಲಿ ಎಡವಿದಂತಾಗುತ್ತದೆ. ಐಪಾಡಿನಲ್ಲೂ 2006ರವರೆಗೆ ಇದೇ ಪಾಡಿತ್ತು, ಆಮೇಲೆ ಬಿಡುವಿಲ್ಲದೆ ನುಡಿಸುವ ಸೌಲಭ್ಯ ಬಂತು. ಬ್ಯಾಂಡಿನವರು ಡಿಜಿಟಲ್ ಎಂದರೆ ಮುಖ ಸಿಂಡರಿಸುತ್ತಿದ್ದುದಕ್ಕೆ ಕಾರಣ ಬರೀ ದುಡ್ಡಲ್ಲ ಎಂದು ಒಪ್ಪಲು ನನಗೆ ಈ ಎಡವುವಿಕೆಯೇ ಸಾಕಾಯಿತು.

ಹಾಗೆಂದು ಇವರೂ ಮಡಿ ಕಾಪಾಡಿಕೊಂಡವರಲ್ಲ. 'ಮನಿ' 1973ರಲ್ಲೇ ಅಮೆರಿಕದಲ್ಲಿ ಬಿಡಿಯಾಗಿ ಬಂದಿತ್ತು. ಎಲ್‌ಪಿ ಕಾಲದಲ್ಲಿ ಅಖಂಡ ಎನ್ನುವ ಈ ಕೃತಿಯ ನಟ್ಟನಡುವೆ ಎದ್ದು ತಟ್ಟೆ ಮಗುಚಬೇಕಿತ್ತು. ಗೆಳೆಯನ ಟರ್ನ್‌ಟೇಬಲ್ಲಿನಲ್ಲಿ ಕೇಳಿದಾಗ ಆ ಬಿಡುವು ನನಗೆ ಇಷ್ಟವೇ ಆಯಿತು. ಮೊದಲ ಬದಿಯ ಕೊನೆಗೆ ಬರುವ ಸಾವಿನ ಬಗೆಗಿನ ಆಲಾಪ ಮುಗಿದು ದುಡ್ಡಿನ ಹಾಡು ಶುರುವಾಗುವ ನಡುವೆ ಒಂದು ಉಸಿರು ಬೇಕು. ಸಿಡಿಯಲ್ಲೂ ಆ್ಯಪಿನಲ್ಲೂ ಆ ಉಸಿರಿಲ್ಲ. ಹೀಗಾಗಿ ಎಲ್‌ಪಿ, ಸಿಡಿ, ಆ್ಯಪ್ ಮೂರರಲ್ಲಿ ಈ ಆಲ್ಬಮ್ಮಿಗೆ ನನ್ನ ಮೊದಲ ಆಯ್ಕೆ ಎಲ್‌ಪಿ. ದುಡ್ಡು, ಜಾಗ ಎರಡೂ ಇಲ್ಲದವರಿಗೆ ಸಿಡಿ. ನಡುನಡುವೆ ಜಾಹೀರಾತು ನುಗ್ಗುವ ಉಚಿತ ಖಾತೆಯ ಆ್ಯಪಿನಲ್ಲಿ ಮಾತ್ರ ಬೇಡವೇ ಬೇಡ. ರಾಗಾಲಾಪನೆ ಮುಗಿದು ಕೃತಿ ಎತ್ತಿಕೊಳ್ಳುವ ಹೊತ್ತಿಗೆ ಸಭೆಯಲ್ಲಿ ಮೈಕ್ ಹಿಡಿದು ಯಾರೋ ಸೀರೆ ಅಂಗಡಿಯ ರಿಯಾಯಿತಿ ಸಾರಿದಂತಿರುತ್ತದೆ.

ರೇಡಿಯೊಹೆಡ್ ಬಗ್ಗೆ ಚುಟುಕಾಗಿ ಮುಗಿಸುತ್ತೇನೆ. ಬಿಡಿ ಮಾರುವುದಿದ್ದರೆ ಐಟ್ಯೂನ್ಸ್ ಬೇಡ ಎಂದವರು, 2007ರ ಅಕ್ಟೋಬರ್‌ನಲ್ಲಿ 'ಇನ್ ರೇನ್‌ಬೋಸ್' ಆಲ್ಬಮ್ಮನ್ನು ತಮ್ಮದೇ ವೆಬ್‌ಸೈಟಿನಲ್ಲಿ 'ನಿಮಗೆ ತೋಚಿದಷ್ಟು ಕೊಡಿ' ಎಂದು ಇಟ್ಟರು. ಸೊನ್ನೆ ಕೊಟ್ಟರೂ ಸರಿ, ಆದರೆ ಸಿಗುವುದು ಹತ್ತೂ ಹಾಡು ಒಟ್ಟಿಗೆ. ಬೆಲೆ ಬಿಟ್ಟುಕೊಟ್ಟರು, ಗಂಟು ಬಿಚ್ಚಲಿಲ್ಲ. ನಾಲ್ವರಲ್ಲಿ ನನಗೆ ಹಿಡಿಸಿದ ಹಠ ಇದು, ಏಕೆಂದರೆ ಇಲ್ಲಿ ದುಡ್ಡಿನ ನೆಪ ಹುಡುಕಲು ಬರುವುದಿಲ್ಲ. ಕಿವಿಗೆ ಮಾತ್ರ ಆ ಹತ್ತು ಹಾಡುಗಳು ಬಿಡಿಯಾಗಿಯೂ ಚೆನ್ನಾಗಿಯೇ ನಿಲ್ಲುತ್ತವೆ. ನಿಲ್ಲದ್ದು 2000ದ 'ಕಿಡ್ ಎ'. ಅದರ ನಡುವೆ 'ಟ್ರೀಫಿಂಗರ್ಸ್' ಎಂಬ ಮಾತಿಲ್ಲದ, ತಾಳವಿಲ್ಲದ ತುಣುಕೊಂದಿದೆ. ಷಫಲ್‌ನಲ್ಲಿ ಅದು ಬಂದಾಗ ಮುಂದಕ್ಕೆ ಒತ್ತಿದೆ. ಆಲ್ಬಮ್ಮಿನಲ್ಲಿ, ಅದರ ಹಿಂದಿನ ಭಾರದ ಹಾಡು ಮುಗಿದ ಮೇಲೆ ಅದೇ ತುಣುಕು ಬೇಕೇ ಬೇಕು ಅನ್ನಿಸಿತು. 99 ಸೆಂಟ್ ಕೊಟ್ಟು ಅದೊಂದನ್ನೇ ಯಾರು ಕೊಳ್ಳುತ್ತಾರೆ? ಕೊಳ್ಳುವವರಿಲ್ಲದಿದ್ದರೆ ಅಂಥದ್ದನ್ನು ಮಾಡುವವರೂ ಇರುವುದಿಲ್ಲ. 2008ರಲ್ಲಿ ಇವರ ಹಾಡುಗಳೂ ಐಟ್ಯೂನ್ಸ್ ಸೇರಿದವು.

ಟೂಲ್ ಎಲ್ಲರಿಗಿಂತ ದೀರ್ಘ ಕಾಲ ನಿಂತ ಬ್ಯಾಂಡು. 2019ರ ಆಗಸ್ಟ್ 2ರವರೆಗೆ ಇವರ ಹಳೆಯ ಆಲ್ಬಂಗಳು ಡೌನ್‌ಲೋಡಿಗೂ ಸ್ಟ್ರೀಮಿಂಗಿಗೂ ಇರಲಿಲ್ಲ. ಇವರ ಸಿಡಿಗಳೂ ಹಾಗೇ, ಕೈಯಲ್ಲಿ ಹಿಡಿಯುವಂಥವು. 2006ರ ಆಲ್ಬಮ್ಮಿನ ಹೊದಿಕೆಗೆ ಮಸೂರಗಳನ್ನೇ ಅಂಟಿಸಿದ್ದರು, ಅದರ ಮೂಲಕ ಒಳಗಿನ ಚಿತ್ರ ನೋಡಿದರೆ ಆಳ ಕಾಣುತ್ತದೆ. ಹೊದಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. 2001ರ 'ಲ್ಯಾಟೆರಾಲಸ್' ಕೇಳಿ: 'ಪರಾಬೊಲ್' ಪಿಸುಮಾತಿನಂತೆ ಮುಗಿಯುತ್ತಿದ್ದಂತೆ 'ಪರಾಬೊಲಾ' ಎದೆಗೆ ಗುದ್ದುತ್ತದೆ. ಮೊದಲನೆಯದು ಬರೀ ಮೂರು ನಿಮಿಷ, ಒಂಟಿಯಾಗಿ ಬಂದರೆ ಅರ್ಧಕ್ಕೆ ಬಿಟ್ಟ ಮಾತು. ಇಲ್ಲಿಯವರೆಗೆ ಹಠ ಸರಿ.

ಆದರೆ 2019ರ ಆಗಸ್ಟ್ ಕೊನೆಯಲ್ಲಿ 'ಫಿಯರ್ ಇನಾಕ್ಯುಲಮ್' ಬಂದಾಗ ಆಟವೇ ತಿರುಗಿತು. ಸಿಡಿಯಲ್ಲಿ ಹಿಡಿಸುವುದು 80 ನಿಮಿಷದ ಆಸುಪಾಸು. ಹಾಗಾಗಿ ಸಿಡಿಯಲ್ಲಿ ಏಳು ತುಣುಕು, ಡಿಜಿಟಲ್‌ನಲ್ಲಿ ಹತ್ತು, ಒಟ್ಟು 86 ನಿಮಿಷ. ಅಂದರೆ ಇಡೀ ಆಲ್ಬಂ ಬೇಕು ಎಂದವರ ಇಡೀ ಆಲ್ಬಂ ಆಗ ಇದ್ದದ್ದೇ ಡಿಜಿಟಲ್‌ನಲ್ಲಿ! ಪುಟ್ಟ ವಿಡಿಯೊ ಪರದೆ, ಸ್ಪೀಕರ್ ಇದ್ದ ಆ ದುಬಾರಿ ಡಬ್ಬಿಯ ಸಿಡಿಯಲ್ಲೂ ಇದ್ದದ್ದು ಕಡಿಮೆ ಸಂಗೀತ, ಪೂರ್ತಿ ಬೇಕಿದ್ದರೆ ಜೊತೆಗಿದ್ದ ಡೌನ್‌ಲೋಡ್ ಕಾರ್ಡೇ ಗತಿ. ಇನ್ನೂ ಒಂದಿದೆ. ಹತ್ತು ನಿಮಿಷ ದಾಟುವ ಶೀರ್ಷಿಕೆ ಹಾಡು ಬಿಡಿಯಾಗಿಯೇ ಅಮೆರಿಕದ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿ ಹತ್ತಿತು. ಅಷ್ಟು ಉದ್ದದ ಹಾಡು ಅಲ್ಲಿಗೆ ಹತ್ತಿದ್ದು ಅದೇ ಮೊದಲು. ಎರಡನ್ನೂ ಕೇಳಿದ ಮೇಲೆ ಹೇಳುತ್ತೇನೆ: ಆ ಹೆಚ್ಚುವರಿ ಮೂರು ತುಣುಕು ಇದ್ದರೆ ಹಾಡುಗಳ ನಡುವೆ ಗಾಳಿಯಾಡುತ್ತದೆ. ನನ್ನ ಮತ ಡಿಜಿಟಲ್‌ಗೆ.

ನೀವೂ ಕೇಳಿ ನೋಡುವುದಾದರೆ ಮೊದಲು ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಒಂದು ಹಾಡಿನ ಕೊನೆಯನ್ನು ಇನ್ನೊಂದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆ ಮಾಡಿ, ಹಾಡುಗಳನ್ನು ಬಿಡುವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್ ಇದೆಯೇ ನೋಡಿ. ಷಫಲ್ ತೆಗೆಯಿರಿ, ಆಲ್ಬಂ ಮುಗಿದೊಡನೆ ತಾನೇ ಇನ್ನೇನೋ ಹಾಕುವ ಆಟೊಪ್ಲೇಯನ್ನೂ ತೆಗೆಯಿರಿ. ಇಲ್ಲದಿದ್ದರೆ ಕೊನೆಯ ಎದೆಬಡಿತದ ಮೇಲೆಯೇ ಇನ್ಯಾರದೋ ಡ್ರಮ್ಸ್ ಬಂದು ಕೂರುತ್ತದೆ. ಪೆನ್‌ಡ್ರೈವ್‌ನವರು ಫೈಲಿನ ಹೆಸರಿನ ಮುಂದೆ 01, 02 ಎಂದು ಸೇರಿಸಿಕೊಳ್ಳಿ. ಎಸಿ/ಡಿಸಿಗೆ ಇದಾವುದೂ ಬೇಡ, ಹೇಗೆ ಬೇಕಾದರೂ ಹಾಕಿ.